ಹದ್ದಿನ ಹತ್ತಿರ ಸಿಗೋಣ

ಪ್ರತಿ ಊರಿಗೂ ಒಂದು ‘ಸಿಗೋ ಜಾಗ’ ಇರುತ್ತೆ. ಮೈಸೂರಿನವರು ದೊಡ್ಡ ಗಡಿಯಾರದ ಹತ್ತಿರ ಬಾ ಅಂತಾರೆ. ಅಮೆರಿಕದ ಫಿಲಡೆಲ್ಫಿಯಾದವರು ಹದ್ದಿನ ಹತ್ತಿರ ಬಾ ಅಂತಾರೆ. ಯಾವ ಹದ್ದು, ಯಾವ ರಸ್ತೆ ಅಂತ ಅಲ್ಲಿ ಯಾರೂ ತಿರುಗಿ ಕೇಳೋಲ್ಲ. ನೂರು ವರ್ಷದಿಂದ ಅಲ್ಲಿನ ಪ್ರೇಮಿಗಳು, ಗೆಳತಿಯರು, ಜನಜಂಗುಳಿಯಲ್ಲಿ ಕೈತಪ್ಪಿ ಹೋದ ಮಕ್ಕಳು ಎಲ್ಲರೂ ಮತ್ತೆ ಸೇರೋದು ಆ ಕಂಚಿನ ಹದ್ದಿನ ಕಾಲಬುಡದಲ್ಲೇ.

ತಮಾಷೆ ಏನಂದ್ರೆ, ಆ ಹದ್ದು ಇರೋದು ಸರ್ಕಲ್‌ನಲ್ಲೂ ಅಲ್ಲ, ಪಾರ್ಕಿನಲ್ಲೂ ಅಲ್ಲ. ಒಂದು ಅಂಗಡಿಯ ಒಳಗೆ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಅಂಗಡಿಯಾಗಿದ್ದ ಕಟ್ಟಡದ ಒಳಗೆ. 2025ರ ಮಾರ್ಚ್‌ನಲ್ಲಿ ಅಲ್ಲಿದ್ದ ಮೇಸೀಸ್ ಅಂಗಡಿ ಬಾಗಿಲು ಮುಚ್ಚಿತು. ಶರ್ಟು, ಸೆಂಟು, ಚಪ್ಪಲಿ ಎಲ್ಲ ಖಾಲಿಯಾಯಿತು. ಹದ್ದು ಕದಲಲಿಲ್ಲ.

ಅದು ವಾನಮೇಕರ್ ಬಿಲ್ಡಿಂಗ್. ಸಿಟಿ ಹಾಲ್ ಪಕ್ಕದಲ್ಲೇ, ಮಾರ್ಕೆಟ್ ಸ್ಟ್ರೀಟ್‌ನಿಂದ ಚೆಸ್ಟ್‌ನಟ್ ಸ್ಟ್ರೀಟ್‌ವರೆಗೆ ಇಡೀ ಒಂದು ಬ್ಲಾಕ್ ಆವರಿಸಿ ನಿಂತಿರೋ ಹನ್ನೆರಡು ಮಹಡಿಯ ಕಲ್ಲಿನ ಕಟ್ಟಡ. ಹೊರಗಿನಿಂದ ನೋಡಿದ್ರೆ ಯಾವುದೋ ದೊಡ್ಡ ಬ್ಯಾಂಕ್ ಇರಬೇಕು ಅನ್ನಿಸುವಷ್ಟು ಗಂಭೀರ. ನ್ಯೂಜೆರ್ಸಿ ಕಡೆ ಐಟಿ ಕೆಲಸಕ್ಕೆ ಹೋಗಿರೋ ನಮ್ಮವರಲ್ಲಿ ಎಷ್ಟೋ ಜನ ಡಿಸೆಂಬರ್‌ನಲ್ಲಿ ಮಕ್ಕಳಿಗೆ ದೀಪದ ಶೋ ತೋರಿಸೋಕೆ ಅಂತ ಇದರೊಳಗೆ ಹೋಗಿ ಬಂದಿರ್ತಾರೆ. 1956ರಿಂದ ನಡೆದುಬಂದಿರೋ ಶೋ ಅದು.

ಜಾನ್ ವಾನಮೇಕರ್ ಹುಟ್ಟಿದ್ದು 1838ರಲ್ಲಿ, ಅದೇ ಊರಲ್ಲಿ. 1861ರ ಏಪ್ರಿಲ್‌ನಲ್ಲಿ, ಅಮೆರಿಕದ ಅಂತರ್ಯುದ್ಧ ಶುರುವಾದ ತಿಂಗಳಲ್ಲೇ, ಭಾವಮೈದುನನ ಜೊತೆ ಸೇರಿ ಓಕ್ ಹಾಲ್ ಅಂತ ಗಂಡಸರ ಬಟ್ಟೆ ಅಂಗಡಿ ತೆರೆದ. ಮೊದಲ ದಿನದ ವ್ಯಾಪಾರ 24 ಡಾಲರ್ 67 ಸೆಂಟ್. ಅದರಲ್ಲಿ 24 ಡಾಲರ್ ಜಾಹೀರಾತಿಗೆ ಸುರಿದು, ಮಿಕ್ಕ 67 ಸೆಂಟನ್ನು ಮಾರನೇ ದಿನದ ಚಿಲ್ಲರೆಗೆ ಇಟ್ಕೊಂಡ ಅನ್ನೋದು ಆ ಊರಿನಲ್ಲಿ ಎಲ್ಲರೂ ಹೇಳೋ ಕಥೆ. ಸ್ಟಾರ್ಟಪ್‌ನವರಿಗೆ ಈ ಲೆಕ್ಕ ಹೊಸದಲ್ಲ ಬಿಡಿ.

ವಾನಮೇಕರ್‌ಗೆ ಹೆಸರು ತಂದಿದ್ದು ಬೆಲೆಚೀಟಿ. ಒಂದೇ ಬೆಲೆ, ಎಲ್ಲರಿಗೂ ಅದೇ ಬೆಲೆ, ಇಷ್ಟವಾಗದಿದ್ರೆ ದುಡ್ಡು ವಾಪಸ್. ಅದಕ್ಕೆ ಮುಂಚೆ ಅಮೆರಿಕದಲ್ಲೂ ಚೌಕಾಸಿಯೇ. ಗಿರಾಕಿಯ ಮುಖ, ಕೋಟು ನೋಡಿ ಅಂಗಡಿಯವನು ಬೆಲೆ ಹೇಳೋದು, ಗಿರಾಕಿ ಅರ್ಧಕ್ಕೆ ಕೇಳೋದು. ಬೆಲೆಚೀಟಿ ಕಂಡುಹಿಡಿದದ್ದೇ ವಾನಮೇಕರ್ ಅಂತ ಇಂಟರ್‌ನೆಟ್ಟಿನಲ್ಲಿ ಓದ್ತೀರಿ. ಅದು ಸ್ವಲ್ಪ ಜಾಸ್ತಿ ಆಯ್ತು. ನ್ಯೂಯಾರ್ಕಿನ ಎ. ಟಿ. ಸ್ಟೀವರ್ಟ್, ಪ್ಯಾರಿಸ್ಸಿನ ಬಾನ್ ಮಾರ್ಶೆ ಆಗಲೇ ಈ ದಾರಿಯಲ್ಲಿದ್ದರು. ಆದ್ರೆ ಅದನ್ನು ದೊಡ್ಡದಾಗಿ ಜಾಹೀರಾತು ಹಾಕಿ, ಜನ ನಂಬೋ ಹಾಗೆ ನಡೆಸಿ ತೋರಿಸಿದವರಲ್ಲಿ ಈತನೂ ಒಬ್ಬ. (ನೂರೈವತ್ತು ವರ್ಷದ ಮೇಲೆ ನಾವು ಮತ್ತೆ ಹಳೇ ಕಾಲಕ್ಕೆ ಬಂದಿದ್ದೀವಿ. ಒಂದೇ ಜಾಗದಲ್ಲಿ ನಿಂತು ಇಬ್ಬರು ಎರಡು ಫೋನಿನಲ್ಲಿ ಕ್ಯಾಬ್ ನೋಡಿ, ಎರಡು ರೇಟು. ಈಗ ಮುಖ ನೋಡೋದು ಅಲ್ಗಾರಿದಮ್ಮು. ಚೌಕಾಸಿ ಮಾಡೋ ಹಕ್ಕು ಮಾತ್ರ ನಮಗೆ ವಾಪಸ್ ಬರಲಿಲ್ಲ.)

1876ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕ ಸ್ವಾತಂತ್ರ್ಯದ ನೂರನೇ ವರ್ಷದ ದೊಡ್ಡ ವಸ್ತುಪ್ರದರ್ಶನ. ಆ ವರ್ಷವೇ ವಾನಮೇಕರ್ ಪೆನ್ಸಿಲ್ವೇನಿಯಾ ರೈಲ್ವೆಯ ಹಳೇ ಗೂಡ್ಸ್ ಶೆಡ್ಡಿನಲ್ಲಿ ‘ಗ್ರ್ಯಾಂಡ್ ಡಿಪೋ’ ಅನ್ನೋ ಮಹಾ ಅಂಗಡಿ ಶುರುಮಾಡಿದ. ಎರಡು ವರ್ಷದಲ್ಲಿ ಅದಕ್ಕೆ ವಿದ್ಯುತ್ ದೀಪ ಬಂತು. ಆಮೇಲೆ ಟೆಲಿಫೋನ್, ಕೌಂಟರಿನಿಂದ ಕ್ಯಾಷಿಯರ್ ಹತ್ತಿರಕ್ಕೆ ಗಾಳಿಯ ಒತ್ತಡದಲ್ಲೇ ದುಡ್ಡು ಸಾಗಿಸೋ ಕೊಳವೆಗಳು.

ಈಗಿರೋ ಕಟ್ಟಡ ಎದ್ದದ್ದು ಆ ಗೂಡ್ಸ್ ಶೆಡ್ಡಿನ ಜಾಗದಲ್ಲಿ. ವಿನ್ಯಾಸ ಷಿಕಾಗೋದ ಡೇನಿಯಲ್ ಬರ್ನ್‌ಹ್ಯಾಮ್‌ದು. ನನಗೆ ತುಂಬ ಇಷ್ಟವಾದ ವಿಷಯ ಇದು: ಅಂಗಡಿ ಮುಚ್ಚದೆಯೇ ಅದನ್ನು ಕಟ್ಟಿದರು. ಮೂರು ಭಾಗ ಮಾಡಿಕೊಂಡು, ಒಂದು ಭಾಗ ಒಡೆದು ಕಟ್ಟುವಾಗ ಉಳಿದ ಕಡೆ ವ್ಯಾಪಾರ ನಡೀತಾನೇ ಇತ್ತು. ಹಳೇ ಸರ್ವರಿನಿಂದ ಹೊಸದಕ್ಕೆ ಒಂದು ನಿಮಿಷವೂ ಡೌನ್ ಆಗದಂತೆ ಸಾಗಿಸಿ ಅಂತ ನಮ್ಮ ಮ್ಯಾನೇಜರುಗಳು ಹೇಳ್ತಾರಲ್ಲ, ಅದನ್ನು ಇವರು ಕಲ್ಲು, ಉಕ್ಕಿನಲ್ಲಿ ಮಾಡಿದ್ರು. 1911ರ ಡಿಸೆಂಬರ್ 30ರಂದು ಕಟ್ಟಡದ ಸಮರ್ಪಣೆಗೆ ಬಂದವರು ಅಮೆರಿಕದ ಅಧ್ಯಕ್ಷ ವಿಲಿಯಂ ಹೋವರ್ಡ್ ಟಾಫ್ಟ್. ಒಂದು ಅಂಗಡಿಯ ಓಪನಿಂಗ್‌ಗೆ ದೇಶದ ಅಧ್ಯಕ್ಷ!

ಒಳಗೆ ಹೋದವರು ಮೊದಲು ಕತ್ತೆತ್ತುತ್ತಾರೆ. ನಡುವೆ ಗ್ರ್ಯಾಂಡ್ ಕೋರ್ಟ್ ಅನ್ನೋ ಅಂಗಳ. ನಮ್ಮ ತೊಟ್ಟಿಮನೆಯ ತೊಟ್ಟಿಯನ್ನು ಸುಮಾರು 150 ಅಡಿ ಎತ್ತರಕ್ಕೆ ಎಳೆದು, ಸುತ್ತ ಅಮೃತಶಿಲೆಯ ಕಮಾನು ಕಟ್ಟಿದ ಹಾಗೆ. ಏಳು ಮಹಡಿಗಳಷ್ಟು ಜಾಗದಲ್ಲಿ ಗಾಳಿ ಬಿಟ್ರೆ ಏನೂ ಇಲ್ಲ.

ಇವತ್ತು ಯಾವುದಾದ್ರೂ ಮೀಟಿಂಗಿನಲ್ಲಿ ಈ ಪ್ಲಾನ್ ಇಟ್ಟು ನೋಡಿ. ನಗರದ ನಟ್ಟನಡುವೆ, ಚದರಡಿಗೆ ಅಷ್ಟು ಬೆಲೆ ಇರೋ ಕಡೆ, ಏಳು ಮಹಡಿ ಖಾಲಿ ಬಿಡೋದಾ, ಇದರಿಂದ ಬರೋದೇನು ಅಂತ ಎರಡನೇ ಸ್ಲೈಡಿನಲ್ಲೇ ಕೇಳಿಬಿಡ್ತಾರೆ. ವಾನಮೇಕರ್ ದಾನಕ್ಕೆ ಬಿಟ್ಟದ್ದಲ್ಲ, ಅದನ್ನೂ ಹೇಳಬೇಕು. ಈಗಿನಂಥ ದೀಪ, ಏಸಿ ಇಲ್ಲದ ಕಾಲದಲ್ಲಿ ಅಷ್ಟು ದೊಡ್ಡ ಕಟ್ಟಡದ ಹೊಟ್ಟೆಯೊಳಗೆ ಬೆಳಕು ಗಾಳಿ ಬೇಕಿತ್ತು. ಮೇಲಿನ ಮಹಡಿಯಲ್ಲಿ ಏನೇನಿದೆ ಅಂತ ಕೆಳಗೆ ನಿಂತವರಿಗೆ ಕಾಣಬೇಕಿತ್ತು. ಬಂದವರು ಗಂಟೆಗಟ್ಟಲೆ ಉಳಿಯಬೇಕಿತ್ತು. ಪಕ್ಕಾ ವ್ಯಾಪಾರಿ ಲೆಕ್ಕಾಚಾರ. ಆದ್ರೆ ಆ ಖಾಲಿ ಜಾಗಕ್ಕೆ ಆಮೇಲೆ ಬಂದು ಸೇರಿದ ಎರಡು ವಸ್ತುಗಳಿಗೆ ಯಾವ ಲೆಕ್ಕವೂ ಹೊಂದೋದಿಲ್ಲ.

ಮೊದಲನೆಯದು ಹದ್ದು. ಜರ್ಮನ್ ಶಿಲ್ಪಿ ಆಗಸ್ಟ್ ಗಾಲ್ ಮಾಡಿದ್ದು. 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ಇಟ್ಟಿದ್ದನ್ನು ವಾನಮೇಕರ್ ಕೊಂಡು ತಂದ. ತೂಕ 2,500 ಪೌಂಡ್, ಅಂದ್ರೆ ಸಾವಿರದ ನೂರು ಕಿಲೋ ಮೇಲೆ. ಭಾರಕ್ಕೆ ನೆಲ ಕುಸಿಯಬಾರದು ಅಂತ ಕೆಳಗೆ ಹೆಚ್ಚುವರಿ ಉಕ್ಕಿನ ತೊಲೆ ಕೊಡಬೇಕಾಯ್ತು.

ಎರಡನೆಯದು ಆರ್ಗನ್. ಅದನ್ನು ಚರ್ಚುಗಳಲ್ಲಿ ನೋಡಿರ್ತೀರಿ. ನೋಡಿಲ್ಲ ಅಂದ್ರೆ ನಮ್ಮ ಹಾರ್ಮೋನಿಯಮ್ಮಿನ ದೊಡ್ಡಪ್ಪ ಅಂದ್ಕೊಳ್ಳಿ. ಇಲ್ಲೂ ತಿದಿಯ ಗಾಳಿ, ಇಲ್ಲೂ ಮನೆಗಳು. ಹಾರ್ಮೋನಿಯಮ್ಮಿನಲ್ಲಿ ಗಾಳಿ ಪುಟ್ಟ ರೀಡುಗಳನ್ನು ನಡುಗಿಸುತ್ತೆ, ಇಲ್ಲಿ ಹೆಚ್ಚಾಗಿ ಕೊಳಲಿನಂಥ ಪೈಪುಗಳೊಳಗೆ ನುಗ್ಗುತ್ತೆ. ಒಂದೊಂದು ಪೈಪಿಗೂ ಒಂದೊಂದೇ ಸ್ವರ. ಹಾಗಾಗಿ ಬೇರೆ ಬೇರೆ ನಾದ ಬೇಕಾದಷ್ಟೂ ಪೈಪ್ ಸೇರಿಸ್ತಾ ಹೋಗಬೇಕು.

ಈ ಆರ್ಗನ್ ಕೂಡ ಸೇಂಟ್ ಲೂಯಿಸ್ ಮೇಳಕ್ಕೆ ಮಾಡಿದ್ದೇ. ಮಾಡಿದ ಕಂಪನಿ ಖರ್ಚು ತಾಳಲಾರದೆ ಮುಳುಗಿತು. ಮೇಳ ಮುಗಿದ ಮೇಲೆ ಯಾರಿಗೂ ಬೇಡವಾಗಿ ಗೋದಾಮಿನಲ್ಲಿ ಬಿದ್ದಿತ್ತು. 1909ರಲ್ಲಿ ವಾನಮೇಕರ್ ಕೊಂಡ. ಸಾಗಿಸೋಕೆ 13 ಗೂಡ್ಸ್ ವ್ಯಾಗನ್, ಜೋಡಿಸೋಕೆ ಎರಡು ವರ್ಷ. ಮೊದಲು ನುಡಿಸಿದ್ದು 1911ರ ಜೂನ್ 22ರಂದು, ಲಂಡನ್ನಿನಲ್ಲಿ ಐದನೇ ಜಾರ್ಜ್ ಪಟ್ಟಕ್ಕೇರಿದ ದಿನ. ಅದೇ ಜಾರ್ಜ್ ಅದೇ ಡಿಸೆಂಬರಿನಲ್ಲಿ ದೆಹಲಿ ದರ್ಬಾರಿಗೆ ಬಂದು, ರಾಜಧಾನಿ ಕಲ್ಕತ್ತದಿಂದ ದೆಹಲಿಗೆ ಅಂತ ಘೋಷಿಸಿದ್ದು.

ಹತ್ತು ಸಾವಿರ ಪೈಪಿನ ವಾದ್ಯ. ಆದ್ರೆ ಆ ಅಂಗಳದಲ್ಲಿ ಅದರ ದನಿ ಸಾಲಲಿಲ್ಲ! ಬೇರೆಯವರಾಗಿದ್ರೆ ಇಷ್ಟಕ್ಕೇ ಸಾಕು ಅನ್ನುತ್ತಿದ್ದರು. ವಾನಮೇಕರ್ ಮನೆಯವರು, ಅದರಲ್ಲೂ ಮಗ ರಾಡ್‌ಮನ್, ಅಂಗಡಿಯ ಮೇಲಿನ ಮಹಡಿಯಲ್ಲೇ ಆರ್ಗನ್ ಕಾರ್ಖಾನೆ ಶುರುಮಾಡಿದ್ರು. 1917ರ ಹೊತ್ತಿಗೆ ಸುಮಾರು 8,000 ಪೈಪ್ ಸೇರಿದವು. 1930ರ ಹೊತ್ತಿಗೆ ಇನ್ನೊಂದು 10,000. ಇವತ್ತು ಒಟ್ಟು 28,000 ದಾಟಿದೆ, ಮನೆಗಳ ಸಾಲು ಆರು. ಪೈಪುಗಳು ಪೆನ್ಸಿಲ್‌ಗಿಂತ ಚಿಕ್ಕದರಿಂದ ಹಿಡಿದು 32 ಅಡಿ ಉದ್ದದವರೆಗೆ. ಮುಂದೆ ಕಾಣೋ ಚಿನ್ನದ ಬಣ್ಣದ ಪೈಪುಗಳು ಅಲಂಕಾರಕ್ಕೆ. ನಿಜವಾದ ಪೈಪುಗಳು ಗೋಡೆಯ ಹಿಂದೆ ಹಲವು ಮಹಡಿಗಳಲ್ಲಿ ಕೂತಿವೆ. ಪೈಪಿನ ಲೆಕ್ಕದಲ್ಲಿ ಅಟ್ಲಾಂಟಿಕ್ ಸಿಟಿಯ ಒಂದು ಆರ್ಗನ್ ಇದಕ್ಕಿಂತ ದೊಡ್ಡದು, ಆದ್ರೆ ಅದರ ಎಷ್ಟೋ ಭಾಗ ದಶಕಗಳಿಂದ ಮೂಕವಾಗಿದೆ. ಇದು ಅಂಗಡಿ ಇದ್ದಷ್ಟು ಕಾಲವೂ ಭಾನುವಾರ ಬಿಟ್ಟು ದಿನಕ್ಕೆರಡು ಸಲ, ಬಿಟ್ಟಿಯಾಗಿ ನುಡೀತಿತ್ತು. ಕೆಳಗೆ ಒಬ್ಬರು ಚಪ್ಪಲಿ ಸೈಜ್ ನೋಡ್ತಿದ್ರೆ ಮೇಲೆ ಬಾಖ್.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜನ ಕಾರು ಕೊಂಡು ಊರಾಚೆ ಹೋದರು. ಅವರ ಹಿಂದೆ ಮಾಲ್‌ಗಳೂ ಹೋದವು. ಫಿಲಡೆಲ್ಫಿಯಾದ ಜನಸಂಖ್ಯೆ 1950ರಲ್ಲಿ 20 ಲಕ್ಷದ ಮೇಲಿದ್ದದ್ದು 2000ಕ್ಕೆ 15 ಲಕ್ಷಕ್ಕೆ ಇಳಿದಿತ್ತು. ಅದೇ ಮಾರ್ಕೆಟ್ ಸ್ಟ್ರೀಟಿನಲ್ಲಿದ್ದ ದೊಡ್ಡ ಅಂಗಡಿಗಳು ಒಂದೊಂದಾಗಿ ಹೋದವು. ಲಿಟ್ ಬ್ರದರ್ಸ್ 1977ರಲ್ಲಿ ಮುಚ್ಚಿತು. ಗಿಂಬೆಲ್ಸ್‌ನ ಹಳೇ ಕಟ್ಟಡ ಕೆಡವಿದ್ರು, ಆ ಜಾಗ ಪಾರ್ಕಿಂಗ್ ಲಾಟ್ ಆಯ್ತು.

ವಾನಮೇಕರ್ ಹೆಸರಿಗೂ ಅದೇ ಗತಿ. 1978ರಲ್ಲಿ ಕುಟುಂಬದ ಟ್ರಸ್ಟ್ ಅಂಗಡಿ ಮಾರಿತು. ಆ ವರ್ಷವೇ ಕಟ್ಟಡಕ್ಕೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಅನ್ನೋ ಮಾನ್ಯತೆ ಸಿಕ್ಕಿದ್ದು ಕಾಕತಾಳೀಯ. 1986ರಲ್ಲಿ ಮತ್ತೊಬ್ಬ ಮಾಲೀಕ, 1995ರಲ್ಲಿ ಇನ್ನೊಬ್ಬ. ಬೋರ್ಡ್ ಮೇಲಿನ ಹೆಸರು ಹೆಕ್ಟ್ಸ್ ಆಯ್ತು, ಲಾರ್ಡ್ ಅಂಡ್ ಟೇಲರ್ ಆಯ್ತು, 2006ರಲ್ಲಿ ಮೇಸೀಸ್ ಆಯ್ತು. ಈ ಮಧ್ಯೆ ಅಂಗಡಿ ಕುಗ್ಗುತ್ತಾ ಬಂದು ಕೆಳಗಿನ ಮೂರು ಮಹಡಿಗೆ ನಿಂತಿತು, ಮೇಲಿನವು ಆಫೀಸುಗಳಾದವು.

ಗಮನಿಸಿ. ಇಷ್ಟು ಮಾಲೀಕರು ಬಂದು ಹೋದರೂ ಹದ್ದನ್ನು ಒಬ್ಬರೂ ಮಾರಲಿಲ್ಲ, ಆರ್ಗನ್ ಬಿಚ್ಚಿ ಆ ಅಂಗಳಕ್ಕೆ ತಾರಸಿ ಹಾಕಲಿಲ್ಲ. ಕಾನೂನು ಇತ್ತು ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಊರಿನವರು ಅದನ್ನು ತಮ್ಮದು ಅಂದುಕೊಂಡುಬಿಟ್ಟಿದ್ರು. 1991ರಲ್ಲೇ ಆರ್ಗನ್ ಪ್ರೇಮಿಗಳು ಗೆಳೆಯರ ಬಳಗವೊಂದನ್ನು ಕಟ್ಟಿಕೊಂಡು ರಿಪೇರಿಗೆ ಹಣ ಸೇರಿಸೋಕೆ ನಿಂತರು. ಬಟ್ಟೆಯೋ ಪಾತ್ರೆಯೋ ಎಲ್ಲಿ ಬೇಕಾದ್ರೂ ಸಿಗುತ್ತೆ, ಈಗಂತೂ ಮನೆ ಬಾಗಿಲಿಗೇ ಬರುತ್ತೆ. ಈ ಕಟ್ಟಡದಲ್ಲಿ ಮಾರಾಟಕ್ಕಿಟ್ಟ ಒಂದೂ ವಸ್ತುವಿಗೋಸ್ಕರ ಯಾರೂ ಹೋರಾಡಲಿಲ್ಲ. ಮಾರಾಟಕ್ಕೆ ಇಡದೇ ಇದ್ದ ಮೂರಕ್ಕೆ, ಅಂದ್ರೆ ಅಂಗಳಕ್ಕೆ, ಹದ್ದಿಗೆ, ಆರ್ಗನ್‌ಗೆ ಹೋರಾಡಿದ್ರು.

2025ರ ಜನವರಿಯಲ್ಲಿ ಮೇಸೀಸ್ ತಾನು ಮುಚ್ಚಲಿರುವ 66 ಅಂಗಡಿಗಳ ಪಟ್ಟಿ ಹೊರಡಿಸಿದಾಗ ಅದರಲ್ಲಿ ಇದೂ ಇತ್ತು. ಕೊನೆಯ ದಿನಗಳಲ್ಲಿ ಅಂಗಳ ತುಂಬಿ ತುಳುಕಿತು. ಬಂದವರಲ್ಲಿ ಎಷ್ಟೋ ಜನ ಡಿಸ್ಕೌಂಟಿಗೆ ಬಂದವರಲ್ಲ, ಆರ್ಗನ್ ಕೇಳೋಕೆ ಬಂದವರು. ಅರ್ಧ ಖಾಲಿಯಾದ ಶೆಲ್ಫುಗಳ ನಡುವೆ ನಿಂತು ಕಣ್ಣೊರೆಸಿಕೊಂಡ್ರು.

ಹೊಸ ಮಾಲೀಕರು ಟಿಎಫ್ ಕಾರ್ನರ್‌ಸ್ಟೋನ್ ಅನ್ನೋ ಡೆವಲಪರ್ ಕಂಪನಿ. ಮೇಲಿನ ಮಹಡಿಗಳಲ್ಲಿ ಮನೆಗಳು, ಕೆಳಗೆ ಅಂಗಡಿಗಳು, ಅಂಗಳ ಮತ್ತು ಆರ್ಗನ್ ಇದ್ದ ಹಾಗೇ ಇರುತ್ತೆ ಅನ್ನೋದು ಯೋಜನೆ. ಇದ್ದದ್ದರಲ್ಲಿ ಒಳ್ಳೇ ಸುದ್ದಿಯೇ. ಆದ್ರೂ ಎಂಜಿನಿಯರ್ ಬುದ್ಧಿಗೆ ಒಂದು ಹೆದರಿಕೆ. ಆರ್ಗನ್ ಪ್ರತಿಮೆಯ ಹಾಗೆ ಸುಮ್ಮನೆ ಇಟ್ರೆ ಉಳಿಯೋದಲ್ಲ. ಅದರೊಳಗೆ ಸಾವಿರಾರು ಪುಟ್ಟ ಕವಾಟಗಳು, ಚರ್ಮದ ತುಂಡುಗಳು. ಚರ್ಮ ಒಣಗಿ ಬಿರಿಯುತ್ತೆ, ಕಟ್ಟಡದ ಕೆಲಸದ ಧೂಳು ಪೈಪಿಗೆ ಇಳಿಯುತ್ತೆ. ದಿನಾ ನುಡಿಸ್ತಾ, ಎಲ್ಲಿ ಕೆಟ್ಟಿದೆ ಅಂತ ಕೇಳಿಸ್ಕೊಳ್ತಾ, ಅಂದಂದೇ ಸರಿಮಾಡ್ತಾ ಇದ್ರೆ ಮಾತ್ರ ಅದು ಬದುಕೋದು. ಅಂಗಡಿಯಿದ್ದಾಗ ಆ ಖರ್ಚು ವ್ಯಾಪಾರದ ಲೆಕ್ಕದಲ್ಲಿ ಹೇಗೋ ಸೇರಿಹೋಗ್ತಿತ್ತು. ಇನ್ನು ಮೇಲೆ ಅದಕ್ಕೆ ಬೇರೆ ದುಡ್ಡು, ಬೇರೆ ಕೈಗಳು ಬೇಕು.

ನೀವು ಅಲ್ಲಿಗೆ ಹೋಗೋದು ಯಾವಾಗಲೋ. ಅಲ್ಲಿವರೆಗೆ ಯೂಟ್ಯೂಬಿನಲ್ಲಿ ಒಂದು ವಿಡಿಯೋ ಇದೆ, ಹುಡುಕಿ. 2010ರ ಅಕ್ಟೋಬರ್ 30, ಶನಿವಾರ. ಫಿಲಡೆಲ್ಫಿಯಾ ಆಪೆರಾ ಕಂಪನಿಯವರು ಬೇರೆ ಬೇರೆ ಗಾಯಕವೃಂದಗಳನ್ನು ಸೇರಿಸಿ 600ಕ್ಕೂ ಹೆಚ್ಚು ಜನರನ್ನು ಗಿರಾಕಿಗಳ ವೇಷದಲ್ಲಿ ಅಂಗಡಿಯೊಳಗೆ ಬಿಟ್ಟಿದ್ರು. ಆರ್ಗನ್ ಶುರುವಾಗುತ್ತೆ. ಕೈಯಲ್ಲಿ ಶಾಪಿಂಗ್ ಬ್ಯಾಗ್ ಹಿಡಿದವರು, ಕೋಟು ಹಾಕ್ಕೊಂಡವರು, ಬಾಲ್ಕನಿಯಲ್ಲಿ ನಿಂತವರು ಒಮ್ಮೆಲೇ ಹ್ಯಾಂಡೆಲ್‌ನ ಹಲ್ಲೆಲೂಯ ಹಾಡೋಕೆ ಶುರುಮಾಡ್ತಾರೆ. ಹಾಡುಗಾರರಲ್ಲದವರ ಮುಖ ನೋಡಿ, ಅದೇ ಚೆಂದ. ಇಯರ್‌ಫೋನ್ ಹಾಕ್ಕೊಳ್ಳಿ. ಆದ್ರೂ 32 ಅಡಿ ಪೈಪಿನ ನಾದ ಸಿಗೋದಿಲ್ಲ. ಅದು ಸೆಕೆಂಡಿಗೆ ಹದಿನಾರು ಕಂಪನ, ಕಿವಿಗಿಂತ ಕಾಲಿನ ಕೆಳಗಿನ ನೆಲಕ್ಕೆ ಮೊದಲು ಗೊತ್ತಾಗುತ್ತೆ.