ತಲೆಯೊಳಗಿನ ಸ್ಟೆಂಟ್ ಮತ್ತು ಕದ್ರಾದ ಮಳೆಗಾಲ

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಈಗ ಊರೂರಲ್ಲಿದ್ದಾರೆ. ತಲೆಯೊಳಗಿನ ಸಿರೆಗೂ ಸ್ಟೆಂಟ್ ಹಾಕುತ್ತಾರೆಂಬ ಸುದ್ದಿ ಕಾರವಾರ ತಾಲ್ಲೂಕಿನ ಕದ್ರಾ, ಮಲ್ಲಾಪುರದ ಮನೆಗಳಿಗೆ ಬರುವ ಮೊದಲೇ ಒಂದು ಎಚ್ಚರಿಕೆ ಹೇಳಬೇಕಿದೆ.

ಮಿದುಳಿನ ಸುತ್ತಲಿನ ನೀರಿನ ಒತ್ತಡ ಕಾರಣ ತಿಳಿಯದೆ ಏರುವ ಕಾಯಿಲೆಯೊಂದಿದೆ. ಮೈತೂಕ ಹೆಚ್ಚಿರುವ, ಹೆರುವ ವಯಸ್ಸಿನ ಹೆಂಗಸರಲ್ಲೇ ಅದು ಹೆಚ್ಚು. ಬಿಡದ ತಲೆನೋವು, ಬಗ್ಗಿ ಎದ್ದಾಗ ಕ್ಷಣಕಾಲ ಕಣ್ಣಿಗೆ ಕತ್ತಲೆ, ಕಿವಿಯಲ್ಲಿ ನಾಡಿಯಂತೆ ಮಿಡಿಯುವ ಸದ್ದು. ಅಲಕ್ಷಿಸಿದರೆ ದೃಷ್ಟಿಯೇ ಹೋದೀತು. ಇವರಲ್ಲಿ ಬಹಳ ಮಂದಿಗೆ ಮಿದುಳಿನಿಂದ ರಕ್ತ ಇಳಿಸುವ ದೊಡ್ಡ ಸಿರೆ ಕಿರಿದಾಗಿರುತ್ತದೆ. ಕೆಳಗೆ ಹರಿವು ಕಟ್ಟಿದರೆ ಮೇಲೆ ನೀರು ಏರುತ್ತದೆಂದು ಕದ್ರಾ ಅಣೆಕಟ್ಟೆಯ ಬುಡದಲ್ಲಿ ಬದುಕುವ ನಮಗೆ ಯಾರೂ ಕಲಿಸಬೇಕಿಲ್ಲ. ಆ ಕಿರಿದಾದ ಸಿರೆಗೆ ಸ್ಟೆಂಟ್ ಕೂರಿಸಿದ್ದನ್ನು ಕೇಂಬ್ರಿಜ್‌ನ ವೈದ್ಯರು 2002ರಲ್ಲಿ ವರದಿ ಮಾಡಿದರು. ಕಾಯಿಲೆ ಮದ್ದಿಗೆ ಬಗ್ಗದೆ ಕಣ್ಣು ಕಳೆದುಕೊಳ್ಳುತ್ತಿರುವ ಕೆಲವರಿಗೆ ಅದು ವರವೇ.

ಆದರೆ ಸಿರೆ ಕಿರಿದಾಗಿ ಒತ್ತಡ ಏರಿತೋ, ಒತ್ತಡವೇ ಒತ್ತಿ ಸಿರೆ ಕಿರಿದಾಯಿತೋ? ಬೆನ್ನಿನಿಂದ ನೀರು ತೆಗೆದಾಗ ಕೆಲವರ ಸಿರೆ ತಾನಾಗಿ ಅಗಲವಾಗುತ್ತದೆ. ಆದ್ದರಿಂದ ಎಂಆರ್‌ಐ ಚಿತ್ರವೊಂದೇ ಸಾಲದು. ಕಿರಿದಾದ ಜಾಗದ ಆಚೀಚೆ ಒತ್ತಡ ಅಳೆಯಬೇಕು. ವ್ಯತ್ಯಾಸ 8 ಮಿ.ಮೀ. ಪಾದರಸದಷ್ಟಾದರೂ ಇರಬೇಕೆಂಬುದು ಸಾಮಾನ್ಯ ಲೆಕ್ಕ. ಬಾಣಂತಿಯಾದರೆ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲವೆಂದು ಮೊದಲು ಖಚಿತವಾಗಬೇಕು, ಅದರ ಚಿಕಿತ್ಸೆಯೇ ಬೇರೆ.

ಸ್ಟೆಂಟ್ ಕೂರಿಸುವಾಗ ಮಿದುಳಿನಲ್ಲಿ ರಕ್ತ ಸೋರುವುದು ಅಪರೂಪ, ಆದರೆ ಆದಾಗ ಜೀವಕ್ಕೇ ಬರುತ್ತದೆ. ಸ್ಟೆಂಟಿನ ಪಕ್ಕದಲ್ಲಿ ಸಿರೆ ಮತ್ತೆ ಕಿರಿದಾಗಿ, ಸುಮಾರು ಹತ್ತರಲ್ಲೊಬ್ಬರಿಗೆ ಇನ್ನೊಮ್ಮೆ ಚಿಕಿತ್ಸೆ ಬೇಕಾದೀತು.

ನಮ್ಮ ನಿಜವಾದ ದಿಗಿಲು ಮನೆಗೆ ಮರಳಿದ ಮೇಲಿನದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ್ಯಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡನ್ನೂ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ನುಂಗಬೇಕು. ಬಿಟ್ಟರೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟೀತು; ನುಂಗುತ್ತಿರುವಾಗಲೇ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದರೆ ರಕ್ತ ಸೋರೀತು. ಘಟ್ಟದ ಮಂಗನ ಕಾಯಿಲೆಯೂ ರಕ್ತಸ್ರಾವದ ಜ್ವರವೇ. ಮೈಕೈ ನೋವೆಂದು ಮೆಡಿಕಲ್ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಗಾಯದ ಮೇಲೆ ಬರೆ. ಮಳೆಗಾಲದಲ್ಲಿ ದಾರಿಯೇ ಮುಚ್ಚಿದರೆ ಆಗ ದೊಡ್ಡ ಆಸ್ಪತ್ರೆಗೆ ಓಡುವುದು ಹೇಗೆ? 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಅಂಕೋಲೆಯ ಹೆದ್ದಾರಿ ಮುಚ್ಚಿತು. ಆಗಸ್ಟ್ 7ರ ನಸುಕಿನಲ್ಲಿ ಗೋವಾ ದಾರಿಯ ಹಳೇ ಕಾಳಿ ಸೇತುವೆ ಬಿತ್ತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಉತ್ತರ ಕನ್ನಡ ಜಿಲ್ಲೆಯ ಜನ 2022ರಲ್ಲಿ ಬೀದಿಗಿಳಿದದ್ದು ಸುಮ್ಮನೆ ಅಲ್ಲ.

ಕಣ್ಣು ತಕ್ಷಣ ಹೋಗುವ ಭಯವಿಲ್ಲದವರು ಸಹಿ ಹಾಕುವ ಮುನ್ನ ಕೇಳಲಿ: ಒತ್ತಡ ಇಳಿಸುವ ಅಸೆಟಝೋಲಮೈಡ್ ಮಾತ್ರೆ, ತೂಕ ಇಳಿಕೆ ಸಾಕಷ್ಟು ದಿನ ನೋಡಿದ್ದಾಯಿತೇ? ಒತ್ತಡದ ವ್ಯತ್ಯಾಸ ಎಷ್ಟಿತ್ತು? ನಡುರಾತ್ರಿ ಫೋನ್ ಎತ್ತುವವರು ಯಾರು? ಈಗಾಗಲೇ ಹಾಕಿಸಿಕೊಂಡು ಬಂದವರು ಮಾತ್ರೆಗಳ ಹೆಸರು ಬರೆದ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಜ್ವರ ಬಂದ ದಿನವೇ ಅದನ್ನು ವೈದ್ಯರಿಗೆ ತೋರಿಸಿ.