ಬೇಲಿಯ ಮೇಲಿನ ಕೂಡು ಕುಟುಂಬ

ದೀಪಾವಳಿ ಬಂತೆಂದರೆ ನಮ್ಮ ಅಂಗಡಿ, ಅಡತಿ, ಗೋದಾಮುಗಳಲ್ಲಿ ಕಸಬರಿಗೆಯ ಮೊದಲ ಏಟು ಜೇಡರ ಬಲೆಗೆ ಬೀಳುತ್ತದೆ. ಮನೆ ಸ್ವಚ್ಛ ಮಾಡುವುದು ಗೃಹಸ್ಥರಿಗೆ ತಪ್ಪದ ಆರಂಭೀ ಹಿಂಸೆ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಸರಿ. ಆದರೆ ಓಡುತ್ತಿರುವ ಜೇಡವನ್ನು ಅಟ್ಟಿಸಿಕೊಂಡು ಹೋಗಿ ಚಪ್ಪಲಿಯಿಂದ ಬಡಿಯುವುದು ಆ ಲೆಕ್ಕಕ್ಕೆ ಬಾರದು; ಅದು ಸಂಕಲ್ಪೀ ಹಿಂಸೆಯೇ. ಜೇಡ ಚತುರಿಂದ್ರಿಯ ಜೀವ.

ಜತ್ತ ತಾಲೂಕಿನ ಸಂಖ, ಉಮದಿ ಕಡೆಯಂಥ ಒಣನೆಲದಲ್ಲಿ ಜಾಲಿ, ಬಾರಿ ಗಿಡದ ಮುಳ್ಳುಗಳಿಗೆ ಹಳೆಯ ಅರಿವೆ ಸಿಕ್ಕಿಕೊಂಡಂತೆ ಧೂಳು ಹಿಡಿದ ಬಲೆ ಕಂಡರೆ ನಿಂತು ನೋಡಿರಿ. ಅದು ಒಂದು ಜೇಡದ ಮನೆಯಲ್ಲ, ನೂರಾರು ಜೇಡಗಳ ಕೂಡು ಕುಟುಂಬ. ಶಾಸ್ತ್ರಜ್ಞರು ಇಟ್ಟ ಹೆಸರು ಸ್ಟೆಗೊಡೈಫಸ್ ಸರಸಿನೋರಮ್. ಜಗತ್ತಿನಲ್ಲಿ ಈವರೆಗೆ ಗುರುತಿಸಿದ 50,000ಕ್ಕೂ ಹೆಚ್ಚು ಜಾತಿಗಳಲ್ಲಿ ಹೀಗೆ ಜೀವನವಿಡೀ ಒಟ್ಟಾಗಿ ಬಾಳುವವು ತೀರ ಕಡಿಮೆ. ಒಂದಕ್ಕೆ ಆಗದ ದೊಡ್ಡ ಮಿಡತೆಯನ್ನು ಹತ್ತಾರು ಸೇರಿ ಹಿಡಿಯುತ್ತವೆ. ತಾಯಿ ಮೊದಲು ತಾನುಂಡದ್ದನ್ನು ಕಕ್ಕಿ ಮರಿಗಳಿಗೆ ಉಣಿಸುತ್ತದೆ. ಕೊನೆಗೆ ಮರಿಗಳು ತಾಯಿಯನ್ನೇ ತಿಂದು ಬೆಳೆಯುತ್ತವೆ.

ಜಗತ್ತಿನ ಜೇಡಗಳೆಲ್ಲ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಬೇಟೆ ತಿನ್ನುತ್ತವೆಂದು 2017ರಲ್ಲಿ ಅಂದಾಜು ಮಾಡಲಾಯಿತು. ಅದರಲ್ಲಿ ಹೆಚ್ಚಿನದು ಹುಳು-ಹುಪ್ಪಡಿ. ದಾಳಿಂಬೆ ತೋಟಕ್ಕೆ ಎಣ್ಣೆ ಹೊಡೆದರೆ ಕೀಟದ ಜೊತೆಗೆ ಜೇಡವೂ ಸಾಯುತ್ತದೆ. ಎಷ್ಟೋ ಕೀಟ ಬೇಗ ಮರಳಿ ಹೆಚ್ಚುತ್ತವೆ, ಜೇಡ ತಡವಾಗಿ. ರೈತ ಎರಡನೆಯ ಡಬ್ಬಿಗೆ ಅಂಗಡಿಗೆ ಬರುತ್ತಾನೆ. ನಮ್ಮಲ್ಲೇ ಔಷಧದ ಅಂಗಡಿ ಇಟ್ಟವರಿದ್ದಾರೆ. ಅವರಿಗೆ ಈ ಮಾತು ಕಹಿಯಾದೀತು, ಆದರೂ ಹೇಳಬೇಕು.

ನಮ್ಮ ಹೊಲದಲ್ಲಿ ಎಷ್ಟು ಬಗೆಯ ಜೇಡಗಳಿವೆ ಎಂದು ಎಣಿಸುವುದು ಹೇಗೆ? ಶಾಸ್ತ್ರಜ್ಞರು ಅವನ್ನು ಮದ್ಯಸಾರದಲ್ಲಿ ಅದ್ದಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಾಗೆ ನೋಡದೆ ಎಷ್ಟೋ ಜಾತಿಗಳ ಹೆಸರು ಖಚಿತವಾಗದು. ಅದು ನಮಗೆ ಬೇಡ. ಪೂರ್ಣ ಹೆಸರು ಸಿಗದಿದ್ದರೂ ಇಂಥ ಕುಟುಂಬದ್ದೆಂದು ಫೋಟೋದಿಂದ ತಿಳಿದರೆ ಸಾಕೆಂಬುದು ನಮ್ಮ ಮತ. ಗಿಡದ ಕೆಳಗೆ ಬಿಳಿ ಧೋತರ ಹಾಸಿ ಟೊಂಗೆಯನ್ನು ಮೆಲ್ಲಗೆ ಅಲುಗಿಸಿರಿ. ಬಿದ್ದವನ್ನು ನೋಡಿ, ಬರೆದುಕೊಂಡು, ಅಲ್ಲೇ ಬಿಡಿರಿ. ನಮ್ಮ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟವಾಗಿರುತ್ತದೆ, ಮಕ್ಕಳಿಗೆ ಬಿಡುವಿರುತ್ತದೆ. ಹಿರಿಯರೊಬ್ಬರು ಜೊತೆಗೆ ಹೋಗಿ, ಬ್ಯಾಟರಿಯನ್ನು ಹಣೆಯ ಪಕ್ಕ ಹಿಡಿದು ನೆಲ ನೋಡಿದರೆ ತೋಳಜೇಡಗಳ ಕಣ್ಣು ಹೊಳೆಯುತ್ತವೆ.

ಎಣ್ಣೆ ಹೊಡೆಯುವ ಮೊದಲು ಎಷ್ಟು, ಹದಿನೈದು ದಿನದ ನಂತರ ಎಷ್ಟು ಎಂದು ಬರೆದಿಟ್ಟು ನಮಗೆ ಕಳಿಸಿರಿ. ಊರಿನ ಹೆಸರು, ಬೆಳೆ, ತಾರೀಖು ಮರೆಯಬೇಡಿರಿ.