ಚಿನ್ನ ಬಿಡಿ, ಚರ್ಮ ನೋಡಿ

ಈಜಿಪ್ಟ್ ಎಂದ ಕೂಡಲೇ ಪಿರಮಿಡ್, ಮಮ್ಮಿ, ತುತಾಂಖಾಮನ್ ದೊರೆಯ ಚಿನ್ನದ ಮುಖವಾಡ ನೆನಪಿಗೆ ಬರುತ್ತವೆ, ಅಲ್ಲವೇ? 1922ರಲ್ಲಿ ಹೊವಾರ್ಡ್ ಕಾರ್ಟರ್ ಪತ್ತೆ ಹಚ್ಚಿದ ಆ ದೊರೆಯ ಗೋರಿಯಲ್ಲಿ ಆರು ರಥಗಳೂ ಇದ್ದವು. ಅವುಗಳ ಬಗ್ಗೆ ಬರೆಯುವವರು ಹೆಚ್ಚಾಗಿ ಚಿನ್ನದ ತಗಡಿನ ಹೊಳಪನ್ನೇ ವರ್ಣಿಸುತ್ತಾರೆ. ಇದು ನನಗೆ ಸರಿಯೆನಿಸುವುದಿಲ್ಲ. ರಥವನ್ನು ಓಡುವಂತೆ ಮಾಡಿದ್ದು ಚಿನ್ನವಲ್ಲ, ಚರ್ಮ.

ರಥ ಎಂದರೆ ನಮ್ಮ ಜಾತ್ರೆಯ ತೇರಿನಂತೆ ಭಾರವಾದದ್ದು ಎಂದುಕೊಳ್ಳಬೇಡಿ. ಎರಡು ಗಾಲಿ, ಎರಡು ಕುದುರೆ, ಮೇಲೆ ನಿಲ್ಲಲು ಇಬ್ಬರಿಗಷ್ಟೇ ಜಾಗ. ಈ ಹಗುರ ವಾಹನ ಪಶ್ಚಿಮ ಏಷ್ಯಾದಿಂದ ಈಜಿಪ್ಟಿಗೆ ಬಂದು ಸುಮಾರು 3,600 ವರ್ಷಗಳಾದವು. ಗಾಲಿಯ ಮರದ ಭಾಗಗಳನ್ನು ಬಿಗಿಯಲು ನೆನೆಸಿದ ಹಸಿ ಚರ್ಮದ ಪಟ್ಟಿಗಳನ್ನು ಸುತ್ತುತ್ತಿದ್ದರು. ಚರ್ಮದಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿರುತ್ತವೆ. ಒಣಗುವಾಗ ಎಳೆಗಳ ನಡುವಿನ ನೀರು ಹೋಗಿ ಅವು ಹತ್ತಿರ ಸರಿಯುತ್ತವೆ. ಪಟ್ಟಿ ಕುಗ್ಗಿ ಮರವನ್ನು ಅಪ್ಪಿ ಹಿಡಿಯುತ್ತದೆ. ಮಳೆಗಾಲದಲ್ಲಿ ಸಡಿಲವಾದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ನೀವು ನೋಡಿರಬಹುದು. ಅಲ್ಲಿ ನಡೆಯುವುದೂ ಇದೇ.

ರಥದಲ್ಲಿ ನಿಲ್ಲುವ ತಳವೂ ಹಲಗೆಯದಲ್ಲ. ಮಂಚಕ್ಕೆ ನವಾರು ನೇಯ್ದಂತೆ ಚರ್ಮದ ಪಟ್ಟಿಗಳನ್ನು ನೇಯುತ್ತಿದ್ದರು. ಹಳ್ಳದಿಣ್ಣೆಯಲ್ಲಿ ಗಾಲಿ ಕುಪ್ಪಳಿಸಿದರೂ ನಿಂತವನಿಗೆ ಹೆಚ್ಚು ಪೆಟ್ಟಾಗುತ್ತಿರಲಿಲ್ಲ. ರೆಖ್ಮಿರೆ ಎಂಬ ಮಂತ್ರಿಯ ಗೋರಿಯ ಗೋಡೆಯ ಮೇಲೆ ಚರ್ಮದ ಕೆಲಸಗಾರರ ಚಿತ್ರಗಳಿವೆ. ಒಬ್ಬ ತೊಗಲನ್ನು ಪಾತ್ರೆಯಲ್ಲಿ ಅದ್ದುತ್ತಾನೆ, ಒಬ್ಬ ಎಳೆದು ಹದ ಮಾಡುತ್ತಾನೆ, ಇನ್ನೊಬ್ಬ ಕತ್ತರಿಸುತ್ತಾನೆ. ಅವರಲ್ಲಿ ಒಬ್ಬರ ಹೆಸರೂ ನಮ್ಮ ಪಾಠಗಳಲ್ಲಿ ಬರುವುದಿಲ್ಲ!

ಹಾಗಾದರೆ ಚಿನ್ನವೇ ಏಕೆ ಪ್ರಸಿದ್ಧವಾಯಿತು? ಅದು ಕೆಡುವುದಿಲ್ಲ, ಅಷ್ಟೇ. ತುತಾಂಖಾಮನ್ನನ ಗೋರಿಯಲ್ಲಿ ತೇವ ಸೇರಿ ಹೆಚ್ಚಿನ ಚರ್ಮ ಕಪ್ಪು ಅಂಟಿನಂತೆ ಕರಗಿಹೋಗಿತ್ತು. ಶಾಖ, ತೇವ ಸೇರಿದರೆ ಕೊಲಾಜೆನ್ ಒಡೆದು ಜೆಲಟಿನ್ ಆಗುತ್ತದೆ. ಚಿನ್ನದ ತಗಡು ಮಾತ್ರ ಇದ್ದ ಹಾಗೇ ಇತ್ತು.

ಆದರೆ 2008ರಲ್ಲಿ ಒಂದು ಅದೃಷ್ಟ ಒದಗಿತು. ಸಲೀಮಾ ಇಕ್ರಾಮ್ ಮತ್ತು ಆಂದ್ರೆ ವೆಲ್ಡ್‌ಮೈಯರ್ ಎಂಬ ವಿದ್ವಾಂಸರು ಕೈರೋದ ಈಜಿಪ್ಟ್ ವಸ್ತುಸಂಗ್ರಹಾಲಯದಲ್ಲಿ ಚರ್ಮದ ವಸ್ತುಗಳನ್ನು ಪರಿಶೀಲಿಸುತ್ತಿದ್ದರು. ಆಗ ತಟ್ಟೆಗಳಲ್ಲಿ ಮಡಿಕೆ ಬಿದ್ದು ಕುಳಿತಿದ್ದ ಚರ್ಮದ ತುಂಡುಗಳು ಸಿಕ್ಕವು. ಸಾವಿರಾರು ವರ್ಷ ಕಳೆದರೂ ಕೆಂಪು, ಹಸಿರು ಬಣ್ಣ ಮಾಸಿರಲಿಲ್ಲ. ಬಣ್ಣದ ಪಟ್ಟಿಗಳನ್ನು ಅಂಚು ಕಾಣುವಂತೆ ಒಂದರ ಮೇಲೊಂದು ಇಟ್ಟು, ಸಣ್ಣ ಸಣ್ಣ ಹೊಲಿಗೆ ಹಾಕಿ ಅಲಂಕರಿಸಿದ್ದರು. ರಥದ ಮೈಹೊದಿಕೆ, ಬಿಲ್ಲು ಇಡುವ ಚೀಲ, ಕುದುರೆಯ ಸಜ್ಜು ಎಲ್ಲವೂ ಅದರಲ್ಲಿದ್ದವು. ಗೋಡೆಚಿತ್ರಗಳಲ್ಲಿ ಕಾಣುವ ಬಣ್ಣದ ರಥ ಬರೀ ಕಲಾವಿದನ ಕಲ್ಪನೆಯಲ್ಲ ಎಂದು ಈ ತುಂಡುಗಳು ತೋರಿಸಿದವು. ಕೆಲಸಗಾರ ಎಲ್ಲಿ ಸೂಜಿ ಚುಚ್ಚಿದ, ಯಾವ ಪಟ್ಟಿಯನ್ನು ಮೊದಲು ಇಟ್ಟ ಎಂಬುದನ್ನೂ ಓದಬಹುದು. ಚಿನ್ನದ ಮುಖವಾಡವನ್ನು ನೂರು ಸಲ ನೋಡಿದರೂ ಈ ಸಂಗತಿ ತಿಳಿಯದು. ಪಠ್ಯಪುಸ್ತಕದಲ್ಲಿ ಮುಖವಾಡದ ಪಕ್ಕದಲ್ಲಿ ಈ ಚರ್ಮದ ಚಿತ್ರವನ್ನೂ ಹಾಕಬೇಕು ಎನ್ನುತ್ತೇನೆ.

ಒಂದು ಕೊರತೆ ಮಾತ್ರ ಉಳಿದಿದೆ. ವಸ್ತುಸಂಗ್ರಹಾಲಯ ಈ ಚರ್ಮವನ್ನು 1932ರಲ್ಲಿ ತಾನೊ ಎಂಬ ವ್ಯಾಪಾರಿಯಿಂದ ಕೊಂಡಿತ್ತು. ಯಾವ ಗೋರಿಯಿಂದ ತೆಗೆದರು, ಜೊತೆಗೆ ಏನಿತ್ತು ಎಂದು ಯಾರೂ ಬರೆದಿಡಲಿಲ್ಲ. ಆದ್ದರಿಂದ ಇಷ್ಟು ಸೊಗಸಾದ ರಥವನ್ನು ಏರಿದವರು ಯಾರೆಂದು ಇವತ್ತಿಗೂ ಹೇಳಲಾಗುವುದಿಲ್ಲ. ಅದನ್ನು ಈಗಲೂ ವ್ಯಾಪಾರಿಯ ಹೆಸರಿನಿಂದಲೇ ‘ತಾನೊ ರಥ’ ಎಂದು ಕರೆಯುತ್ತಾರೆ.